ಪಾರ್ಕ್ ಟಿಕೆಟ್ ಇಲ್ದೆ ಡಿಸ್ನಿ ವರ್ಲ್ಡ್: ಅಪ್ಪ ಅಮ್ಮ ಮಕ್ಕಳ ಜೊತೆ ಯಾವ ರೆಸಾರ್ಟಲ್ಲಿ ಉಳ್ಕೊಳ್ಳೋದು?

ಮೊನ್ನೆ ಫ್ರೆಂಡ್ ಒಬ್ಳು ಫೋನ್ ಮಾಡಿದ್ಲು. ಊರಿಂದ ಅತ್ತೆ ಮಾವ ಬರ್ತಿದಾರೆ, ಆರು ತಿಂಗಳು ಇರ್ತಾರೆ, ಡಿಸ್ನಿಗೆ ಕರ್ಕೊಂಡು ಹೋಗ್ಲೇಬೇಕು ಅಂತ ಎಲ್ರೂ ಹೇಳ್ತಿದಾರೆ, ಆದ್ರೆ ಮಾವಂಗೆ ಹತ್ತು ನಿಮಿಷದ ಮೇಲೆ ನಡಿಯೋಕಾಗಲ್ಲ, ಏನ್ ಮಾಡ್ಲಿ ಅಂತ ಕೇಳಿದ್ಲು. ಪಾರ್ಕಿಗೆ ಹೋಗ್ಬೇಡ ಕಣೆ, ಬರೀ ರೆಸಾರ್ಟಲ್ಲಿ ನಾಲ್ಕು ದಿನ ಇದ್ದು ಬನ್ನಿ ಅಂದೆ. ಅವಳಿಗೆ ಮೊದ್ಲು ಅರ್ಥಾನೇ ಆಗ್ಲಿಲ್ಲ, ಅದು ಧರ್ಮಸ್ಥಳಕ್ಕೆ ಹೋಗಿ ದರ್ಶನ ಮಾಡ್ದೆ ವಾಪಸ್ ಬಂದಂಗಲ್ವಾ ಅಂದ್ಲು. ಅಲ್ಲ. ನಾವು ಒಳಗೆ ಕಾಲಿಡ್ದೆ ಮೂರು ಸಲ ಹೋಗಿ ಬಂದಿದೀವಿ, ಮೂರು ಸಲಾನೂ ಬೇರೆ ಬೇರೆ ರೆಸಾರ್ಟು, ಅದಕ್ಕೇ ಅವಳಿಗೆ ಹೇಳಿದ್ದನ್ನೆಲ್ಲ ಸ್ವಲ್ಪ ವಿವರವಾಗಿ ಇಲ್ಲಿ ಬರೀತಿದೀನಿ, ನಿಮ್ಮ ಮನೇಲೂ ಇದೇ ಪರಿಸ್ಥಿತಿ ಇದ್ರೆ ಉಪಯೋಗಕ್ಕೆ ಬರ್ಲಿ ಅಂತ.

ನಾವಿರೋದು ಅಟ್ಲಾಂಟಾದಲ್ಲಿ, ಅಲ್ಲಿಂದ ಫ್ಲೋರಿಡಾದ ಒರ್ಲ್ಯಾಂಡೋಗೆ ಕಾರಲ್ಲಿ ಆರೂವರೆ ಏಳು ಗಂಟೆ ದಾರಿ. ಮೊದಲ್ನೇ ಸಲ ಅಪ್ಪ ಅಮ್ಮ ಬಂದಾಗ ಎಲ್ರೂ ಮಾಡೋ ಹಂಗೆ ನಾವೂ ಜುಲೈ ತಿಂಗಳಲ್ಲಿ ಮ್ಯಾಜಿಕ್ ಕಿಂಗ್ಡಮ್ ಅನ್ನೋ ಅಲ್ಲಿನ ಪಾರ್ಕಿಗೆ ಟಿಕೆಟ್ ತಗೊಂಡು ಕರ್ಕೊಂಡು ಹೋದ್ವಿ. ಅಮ್ಮಂಗೆ ಮಂಡಿ ನೋವು. ಹನ್ನೊಂದು ಗಂಟೆಗೆಲ್ಲ ನೆತ್ತಿ ಸುಡೋ ಬಿಸಿಲು, ಒಂದೊಂದು ರೈಡಿಗೂ ಮುಕ್ಕಾಲು ಗಂಟೆ ಕ್ಯೂ, ಮೂರು ಗಂಟೆ ಆಗ್ತಿದ್ದಂಗೆ ಗುಡುಗು ಮಳೆ. ಅಮ್ಮ ಒಂದು ಅಂಗಡಿ ಮುಂದಿನ ಕಟ್ಟೆ ಮೇಲೆ ಕೂತು ಸೆರಗಲ್ಲಿ ಮುಖ ಒರೆಸ್ಕೊಳ್ತಾ "ನೀವು ಹೋಗ್ಬನ್ನಿ, ನಾನಿಲ್ಲೇ ಬ್ಯಾಗ್ ನೋಡ್ಕೊಂಡಿರ್ತೀನಿ" ಅಂದ್ರು. ಇಡೀ ದಿನ ಬ್ಯಾಗ್ ಕಾಯ್ತಾನೇ ಕೂತಿದ್ರು. ಅಷ್ಟು ದೂರದಿಂದ ಬಂದೋರು ಹಂಗೆ ಕೂತಿದ್ದನ್ನ ನೆನೆಸ್ಕೊಂಡ್ರೆ ನಂಗೆ ಇವತ್ತಿಗೂ ಕರುಳು ಚುರ್ ಅನ್ನುತ್ತೆ. ಸಂಜೆ ವಾಪಸ್ ಬರೋವಾಗ ಮೋನೋರೈಲ್ ಹತ್ತಿದ್ವಿ, ಅದು ಒಂದು ದೊಡ್ಡ ಹೋಟೆಲಿನ ಹೊಟ್ಟೆ ಒಳಗೇ ನುಗ್ಗಿ ಆಚೆ ಕಡೆಯಿಂದ ಹೊರಗೆ ಬಂತು, ಕೆಳಗೆ ಜನ ಊಟ ಮಾಡ್ತಾ ಕೂತಿದ್ದು ಕಾಣಿಸ್ತಿತ್ತು. ಅಮ್ಮ ಆ ದಿನ ಮೊದಲ್ನೇ ಸಲ ನಕ್ಕು "ಇನ್ನೊಂದ್ ಸುತ್ತು ಹೋಗೋಣ್ವಾ ಪುಟ್ಟಿ" ಅಂತ ಕೇಳಿದ್ರು. ಆ ಮೋನೋರೈಲ್ ಹತ್ತೋಕೆ ಟಿಕೆಟೇ ಬೇಡ. ಆಮೇಲೆ ನಾನು ಟಿಕೆಟ್ ಬೇಡದೇ ಇರೋದು ಅಲ್ಲಿ ಇನ್ನೇನೇನಿದೆ ಅಂತ ಹುಡ್ಕೋಕೆ ಶುರು ಮಾಡಿದ್ದು.

ಜಾಗದ ಲೆಕ್ಕ ಮೊದ್ಲು ತಿಳ್ಕೊಂಡ್ರೆ ಮಿಕ್ಕಿದ್ದು ಸುಲಭ. 1971ರ ಅಕ್ಟೋಬರ್ 1ಕ್ಕೆ ಶುರುವಾದ ಈ ಡಿಸ್ನಿ ವರ್ಲ್ಡ್ ನಮ್ಮ ಬಿಡದಿ ವಂಡರ್‌ಲಾ ಥರ ಒಂದು ಕಾಂಪೌಂಡಲ್ಲಿ ಮುಗಿಯೋದಲ್ಲ, ಹೆಚ್ಚುಕಮ್ಮಿ ಸ್ಯಾನ್ ಫ್ರಾನ್ಸಿಸ್ಕೋ ನಗರದಷ್ಟು ದೊಡ್ಡ ಜಾಗ. ಅದರಲ್ಲಿ ನಾಲ್ಕು ಥೀಮ್ ಪಾರ್ಕು, ಎರಡು ವಾಟರ್ ಪಾರ್ಕು, ಮಿಕ್ಕಿದ್ದೆಲ್ಲ ಕೆರೆ, ಕಾಲುವೆ, ಕಾಡು, ಇಪ್ಪತ್ತೈದಕ್ಕೂ ಜಾಸ್ತಿ ಹೋಟೆಲುಗಳು. ಟಿಕೆಟ್ ಕೇಳೋದು ಪಾರ್ಕಿನ ಗೇಟಲ್ಲಿ ಮಾತ್ರ. ಬಸ್ಸು, ಬೋಟು, ಮೋನೋರೈಲು, 2019ರಲ್ಲಿ ಶುರುವಾದ ಸ್ಕೈಲೈನರ್ ಅನ್ನೋ ರೋಪ್‌ವೇ, ಡಿಸ್ನಿ ಸ್ಪ್ರಿಂಗ್ಸ್ ಅನ್ನೋ ದೊಡ್ಡ ಅಂಗಡಿ ಬೀದಿ, ಇವೆಲ್ಲ ಗೇಟಿನ ಹೊರಗಡೆನೇ ಇರೋದು, ದುಡ್ಡು ಕೊಡ್ಬೇಕಿಲ್ಲ. ಪಾರ್ಕ್ ಟಿಕೆಟ್ ಒಬ್ಬರಿಗೆ ಒಂದು ದಿನಕ್ಕೆ 119 ಡಾಲರಿಂದ ಶುರುವಾಗಿ ರಷ್ ಇರೋ ದಿನಗಳಲ್ಲಿ 200ರ ಹತ್ರ ಹೋಗುತ್ತೆ, ಹತ್ತು ವರ್ಷ ತುಂಬಿದ್ರೆ ಮಕ್ಕಳಿಗೂ ದೊಡ್ಡೋರ ರೇಟೇ, ಅಂದ್ರೆ ಆರು ಜನರ ಮನೆಗೆ ಒಂದು ದಿನಕ್ಕೇ ಸಾವಿರ ಡಾಲರ್ ಹತ್ರ ಬೀಳುತ್ತೆ. ಆ ದುಡ್ಡಲ್ಲಿ ಇನ್ನೂ ಒಳ್ಳೆ ರೂಮು ತಗೋಬೋದು ಅನ್ನೋದು ನನ್ನ ವಾದ.

ಆದ್ರೆ ರೂಮ್ ಆರಿಸೋ ರೀತಿ ಪೂರ್ತಿ ಬದಲಾಗುತ್ತೆ. ಪಾರ್ಕಿಗೆ ಹೋಗೋರು ಯಾವ ಹೋಟೆಲಿಂದ ಪಾರ್ಕ್ ಹತ್ರ, ಬೆಳಿಗ್ಗೆ ಎಷ್ಟು ಬೇಗ ತಲುಪ್ಬೋದು ಅಂತ ನೋಡ್ತಾರೆ, ರೂಮು ಮಲಗೋಕೆ ಮಾತ್ರ. ನಾವು ನೋಡ್ಬೇಕಾಗಿರೋದು ಮನೆ ಹಿರಿಯರು ಎಲ್ಲಿ ಕೂತ್ಕೊಳ್ತಾರೆ, ಕೂತಲ್ಲಿ ಅವರ ಕಣ್ಣಿಗೆ ಏನ್ ಕಾಣುತ್ತೆ, ಅಲ್ಲಿಂದ ಬಾತ್ರೂಮು ಎಷ್ಟು ದೂರ, ಮಕ್ಕಳು ಆಡ್ತಿರೋದು ಅಲ್ಲಿಂದ ಕಾಣುತ್ತಾ ಅಂತ. ಇದೊಂದನ್ನ ಇಟ್ಕೊಂಡು ಅಳೆದ್ರೆ, ಎಲ್ರೂ ಹೊಗಳೋ ಕೆಲವು ಹೋಟೆಲು ನಮಗೆ ಬೇಡವೇ ಬೇಡ ಅನ್ಸುತ್ತೆ, ಎಲ್ರೂ ದೂರ ಅಂತ ಬಿಟ್ಟಿರೋದು ಮೊದಲ್ನೇ ಸ್ಥಾನಕ್ಕೆ ಬರುತ್ತೆ.

ಆ ದೂರದ್ದೇ ಅನಿಮಲ್ ಕಿಂಗ್ಡಮ್ ಲಾಡ್ಜ್. 2001ರಲ್ಲಿ ಶುರುವಾಗಿದ್ದು, ಜಂಬೋ ಹೌಸ್ ಮತ್ತೆ ಕಿಡಾನಿ ವಿಲೇಜ್ ಅಂತ ಎರಡು ಕಟ್ಟಡ. ಬೇರೆ ಹೋಟೆಲಿನ ಕಿಟಕಿಯಿಂದ ಪಾರ್ಕಿಂಗ್ ಲಾಟ್ ಕಾಣೋ ಕಡೆ ಇಲ್ಲಿ ಹುಲ್ಲುಗಾವಲು ಕಾಣುತ್ತೆ, ಅದರಲ್ಲಿ ಜಿರಾಫೆ, ಜೀಬ್ರಾ, ಉಷ್ಟ್ರಪಕ್ಷಿ, ಥರಥರದ ಜಿಂಕೆಗಳು ಮೇಯ್ತಿರುತ್ತೆ. ಬುಕ್ ಮಾಡೋವಾಗ ಸವಾನಾ (ಹುಲ್ಲುಗಾವಲು) ವ್ಯೂ ಅಂತಲೇ ಇರೋ ರೂಮ್ ತಗೊಳ್ಳಿ, ಸ್ಟ್ಯಾಂಡರ್ಡ್ ವ್ಯೂ ತಗೊಂಡು ದುಡ್ಡು ಉಳಿಸೋಕೆ ಹೋದ್ರೆ ಅಲ್ಲಿಗೆ ಹೋಗಿದ್ದೇ ದಂಡ, ಯಾಕಂದ್ರೆ ಆ ಬಾಲ್ಕನಿಗೋಸ್ಕರನೇ ಅಲ್ಲಿಗೆ ಹೋಗೋದು.

ನಮ್ಮ ಅಪ್ಪಂದು ತಿಪಟೂರು ಪಕ್ಕದ ಹಳ್ಳಿ, ಜೀವಮಾನ ಪೂರ್ತಿ ದನ ಸಾಕಿದೋರು. ಮೊದಲ ದಿನ ಬೆಳಿಗ್ಗೆ ಐದೂವರೆಗೆ ಎದ್ದು ಕಾಫಿ ಲೋಟ ಹಿಡ್ಕೊಂಡು ಬಾಲ್ಕನಿಗೆ ಹೋದೋರು ಎಂಟು ಗಂಟೆ ಆದ್ರೂ ಒಳಗೆ ಬರ್ಲಿಲ್ಲ. ಹೋಗಿ ನೋಡಿದ್ರೆ ಆಂಕೋಲೆ ಅನ್ನೋ ಆಫ್ರಿಕಾದ ದನ ಮುಂದೆನೇ ನಿಂತಿದೆ, ಒಂದೊಂದು ಕೊಂಬೂ ನನ್ನ ತೊಡೆಯಷ್ಟು ದಪ್ಪ, ಮೇಲಕ್ಕೆ ಹೋಗಿ ವೀಣೆ ಥರ ಬಾಗಿದೆ. ಅಪ್ಪ ಅದರಿಂದ ಕಣ್ಣು ಕೀಳ್ದೆ "ಸಿದ್ಧಗಂಗೆ ಜಾತ್ರೇಲಿ ಎಂಥೆಂಥ ಹಳ್ಳೀಕಾರ್ ಜೋಡಿ ನೋಡಿದೀನಿ, ಇಂಥ ಕೊಂಬು ನೋಡಿಲ್ಲ, ಈ ಭಾರ ಹೊತ್ಕೊಂಡು ಅದು ಹೆಂಗೆ ತಲೆ ಎತ್ತುತ್ತೆ" ಅಂದ್ರು. ಅಲ್ಲಿ ಪ್ರಾಣಿಗಳ ಬಗ್ಗೆ ಹೇಳೋಕೆ ಸ್ಟಾಫ್ ಇರ್ತಾರೆ, ನಾನು ಹೋಗಿ ಕೇಳ್ಕೊಂಡು ಬಂದೆ. ಆ ಕೊಂಬಿನ ಒಳಗೆ ರಕ್ತನಾಳಗಳು ತುಂಬಿರುತ್ತಂತೆ, ಅದರಲ್ಲಿ ರಕ್ತ ಓಡಾಡಿ ತಣ್ಣಗಾಗಿ ಮೈಗೆ ವಾಪಸ್ ಹೋಗುತ್ತಂತೆ, ಬಿಸಿಲು ತಡ್ಕೊಳ್ಳೋಕೆ ಅದು ಹೊತ್ಕೊಂಡು ತಿರುಗೋ ಕೂಲರ್ ಇದ್ದಂಗೆ. ಅಪ್ಪ ಅವತ್ತು ಊರಿಗೆ ಫೋನ್ ಮಾಡಿ ಚಿಕ್ಕಪ್ಪಂಗೆ ಅರ್ಧ ಗಂಟೆ ಅದನ್ನೇ ಹೇಳಿದ್ರು. ಪಾರ್ಕಲ್ಲಿ ಕಳೆದ ಇಡೀ ದಿನದ ಬಗ್ಗೆ ಅವರು ಯಾರಿಗೂ ಏನೂ ಹೇಳಿರ್ಲಿಲ್ಲ.

ಇನ್ನೊಂದು ಕಾರಣ ಊಟ. ಕಿಡಾನಿ ವಿಲೇಜಲ್ಲಿ ಸನಾ ಅಂತ ರೆಸ್ಟೋರೆಂಟ್ ಇದೆ, ಆಫ್ರಿಕಾದ ಅಡುಗೆಗೆ ನಮ್ಮ ಕಡೆ ಮಸಾಲೆ ಸೇರಿಸಿರೋದು. ಅಲ್ಲಿ ಬ್ರೆಡ್ ಸರ್ವಿಸ್ ಅಂತ ಕೇಳಿ, ನಾನ್, ಕುಲ್ಚಾ ಥರ ರೊಟ್ಟಿಗಳ ಜೊತೆ ಒಂಬತ್ತು ಥರ ನಂಚಿಕೊಳ್ಳೋದು ಬರುತ್ತೆ, ಕೊತ್ತಂಬರಿ ಚಟ್ನಿ, ಹುಣಸೆಹಣ್ಣಿನ ಚಟ್ನಿ, ಮಾವಿನಕಾಯಿ ಚಟ್ನಿ, ಸೌತೆಕಾಯಿ ರಾಯಿತ, ಬೆಳ್ಳುಳ್ಳಿ ಉಪ್ಪಿನಕಾಯಿ. ಮೂರು ದಿನ ಸಪ್ಪೆ ಪಾಸ್ತಾ ತಿಂದಿದ್ದ ಅಮ್ಮ ಆ ಉಪ್ಪಿನಕಾಯಿ ಬಟ್ಟಲನ್ನ ತಮ್ಮ ಕಡೆಗೆ ಎಳ್ಕೊಂಡು ಇಟ್ಕೊಂಡ್ರು. ಮಧ್ಯಾಹ್ನದ ಹೊತ್ತು ಹೋದ್ರೆ ಕಿಟಕಿ ಆಚೆ ನೆಲದ ಮಟ್ಟದಲ್ಲೇ ಜಿರಾಫೆ ಓಡಾಡ್ತಿರುತ್ತೆ, ರಾತ್ರಿ ಹೋದ್ರೆ ಬರೀ ಕತ್ತಲು, ಅದಕ್ಕೆ ಹಗಲಿಗೇ ಬುಕ್ ಮಾಡಿ. ಇಲ್ಲಿ ಉಳ್ಕೊಳ್ಳೋಷ್ಟು ಬಜೆಟ್ ಇಲ್ದಿದ್ರೆ ಬೇರೆ ಕಡೆ ರೂಮ್ ಮಾಡ್ಕೊಂಡು ಸನಾದಲ್ಲಿ ಊಟ ಮಾತ್ರ ಬುಕ್ ಮಾಡ್ಕೊಂಡು ಬಂದ್ರೂ ಪ್ರಾಣಿ ನೋಡೋಕೆ ಸಿಗುತ್ತೆ.

ಕೊರತೆ ಏನಪ್ಪಾ ಅಂದ್ರೆ ಅಲ್ಲಿಂದ ಹೊರಗೆ ಹೋಗೋಕೆ ಬಸ್ ಮಾತ್ರ, ಬೋಟಿಲ್ಲ ಮೋನೋರೈಲಿಲ್ಲ, ಕಾರಿಡಾರುಗಳು ತುಂಬಾ ಉದ್ದ, ಕಿಡಾನಿಯಲ್ಲಂತೂ ಲಿಫ್ಟಿಂದ ರೂಮಿಗೆ ಹೋಗೋದೇ ಒಂದು ವಾಕಿಂಗು. ಲಿಫ್ಟ್ ಹತ್ರ ರೂಮ್ ಬೇಕು ಅಂತ ಬುಕಿಂಗ್ ಆದ ಮೇಲೆ ಫೋನ್ ಮಾಡಿ ರಿಕ್ವೆಸ್ಟ್ ಹಾಕಿಸಿ, ಗ್ಯಾರಂಟಿ ಕೊಡಲ್ಲ ಆದ್ರೆ ನಮಗೆ ಸಿಕ್ಕಿದೆ. ಒಂದು ಕಡೆ ಸುಮ್ನೆ ಕೂತು ನೋಡ್ತಾ ಇರೋ ಸ್ವಭಾವದೋರಿಗೆ ಈ ಜಾಗ. ಹದಿನೈದು ನಿಮಿಷಕ್ಕೊಂದು ಸಲ "ಈಗೆಲ್ಲಿಗೆ" ಅಂತ ಕೇಳೋರಿದ್ರೆ ಬೇಡ.

ಅಂಥೋರಿಗೆ ಮೋನೋರೈಲ್ ಸಾಲಿನ ಹೋಟೆಲುಗಳು ಸರಿ: ಕಂಟೆಂಪರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್. ಮೊದಲೆರಡು 1971ರವು, ಮೂರನೇದು 1988ರದ್ದು. ಮೂರೂ ಮ್ಯಾಜಿಕ್ ಕಿಂಗ್ಡಮ್ ಮುಂದಿನ ಕೆರೆಗಳ ದಡದಲ್ಲಿವೆ. ಸಂಜೆ ಆರು ಗಂಟೆಗೆ ಹೊರಟು ಮೋನೋರೈಲಲ್ಲಿ ಒಂದೊಂದೇ ಹೋಟೆಲಲ್ಲಿ ಇಳ್ಕೊಂಡು, ಲಾಬಿ ನೋಡ್ಕೊಂಡು, ಮತ್ತೆ ಹತ್ತೋದು. ಕಂಟೆಂಪರರಿ ಒಳಗೆ ಮೇರಿ ಬ್ಲೇರ್ ಅನ್ನೋ ಕಲಾವಿದೆ ಮಾಡಿರೋ ತೊಂಬತ್ತು ಅಡಿ ಎತ್ತರದ ಟೈಲ್ಸ್ ಚಿತ್ರ ಇದೆ, ಅದರಲ್ಲಿ ಒಂದು ಮೇಕೆಗೆ ಐದು ಕಾಲು, ಮಕ್ಕಳಿಗೆ ಅದನ್ನ ಹುಡುಕೋಕೆ ಬಿಡಿ, ನಮ್ಮ ಚಿಕ್ಕೋನು ಇಪ್ಪತ್ತು ನಿಮಿಷ ತಲೆ ಮೇಲೆತ್ತಿ ನಿಂತಿದ್ದ. ಪಾಲಿನೇಷಿಯನ್‌ನಲ್ಲಿ ಪೈನಾಪಲ್ ಸಾಫ್ಟಿ ಸಿಗುತ್ತೆ, ಅದನ್ನ ತಗೊಂಡು ಹಿಂದುಗಡೆ ಮರಳಿನ ದಡಕ್ಕೆ ಹೋದ್ರೆ ಒರಗೋ ಕುರ್ಚಿಗಳಿರುತ್ತೆ, ಕೆರೆ ಆಚೆ ಮ್ಯಾಜಿಕ್ ಕಿಂಗ್ಡಮಿನ ಕೋಟೆ ಕಾಣುತ್ತೆ, ರಾತ್ರಿ ಪಟಾಕಿ ಶುರುವಾದಾಗ ಅದರ ಮ್ಯೂಸಿಕ್ ಕೂಡ ಆ ದಡದಲ್ಲಿ ಸ್ಪೀಕರಲ್ಲಿ ಹಾಕ್ತಾರೆ. ಪಾರ್ಕ್ ಒಳಗೆ ಸಾವಿರಾರು ಜನ ಒತ್ತಿಕೊಂಡು ನಿಂತು ನೋಡೋ ಅದೇ ಪಟಾಕೀನ ಅಮ್ಮ ಕಾಲು ಚಾಚ್ಕೊಂಡು ಶಾಲು ಹೊದ್ಕೊಂಡು ನೋಡಿದ್ರು. ರಾತ್ರಿ ಕೆರೆ ಮೇಲೆ ದೀಪದ ತೆಪ್ಪಗಳ ಮೆರವಣಿಗೆನೂ ಹೋಗುತ್ತೆ, ಮೀನು, ಆಮೆ, ಡ್ರ್ಯಾಗನ್ ಎಲ್ಲ ಬರೀ ಬಲ್ಬಲ್ಲೇ ಮಾಡಿರೋದು, 1971ರಿಂದ ಇರೋ ಪದ್ಧತಿ ಅದು. ನಮ್ಮ ಕಡೆ ತೆಪ್ಪೋತ್ಸವ ನೋಡಿ ಬೆಳೆದೋರಿಗೆ ಅದು ತಕ್ಷಣ ಹತ್ರ ಆಗುತ್ತೆ. ಗಾಳಿ ಮಳೆ ಇದ್ರೆ ಇರಲ್ಲ.

ಆದ್ರೆ ಉಳ್ಕೊಳ್ಳೋಕೆ ಈ ಮೂರನ್ನ ನಾನು ಹೇಳಲ್ಲ. ಒಂದು ರಾತ್ರಿಗೆ 600 ಡಾಲರ್ ದಾಟೋದು ಇಲ್ಲಿ ಮಾಮೂಲು, ಅದರಲ್ಲಿ ಬಹುಪಾಲು ನೀವು ಕೊಡ್ತಿರೋದು ಪಾರ್ಕ್ ಪಕ್ಕದಲ್ಲಿದೆ ಅನ್ನೋದಕ್ಕೆ, ನಮಗೆ ಬೇಡದೇ ಇರೋದು ಅದೇ. ಬೇರೆ ಡಿಸ್ನಿ ಹೋಟೆಲಲ್ಲಿ ಉಳ್ಕೊಂಡು ಒಂದು ಸಂಜೆ ಇಲ್ಲಿ ಕಳೆದ್ರೆ ಸಾಕು. ಡಿಸ್ನಿ ಹೋಟೆಲಲ್ಲಿ ಇರೋರಿಗೆ ಪಾರ್ಕುಗಳ ಪಾರ್ಕಿಂಗ್ ಫ್ರೀ, ಮ್ಯಾಜಿಕ್ ಕಿಂಗ್ಡಮಿನ ದೊಡ್ಡ ಪಾರ್ಕಿಂಗಲ್ಲಿ ಕಾರ್ ಬಿಟ್ಟು ಅಲ್ಲಿಂದಲೇ ಮೋನೋರೈಲ್ ಹತ್ಬೋದು. ಅಲ್ಲಿಂದ ಎಪ್ಕಾಟ್ ಕಡೆಗೆ ಹೋಗೋ ಇನ್ನೊಂದು ಮೋನೋರೈಲ್ ಲೈನ್ ಇದೆ, ಅದನ್ನ ಮರೀಬೇಡಿ, ಅದು ಎಪ್ಕಾಟ್ ಪಾರ್ಕಿನ ಒಳಗೇ ಮೇಲಿಂದ ಒಂದು ಸುತ್ತು ಹೊಡ್ದು ಆ ದೊಡ್ಡ ಬೆಳ್ಳಿ ಗೋಳದ ಪಕ್ಕದಲ್ಲೇ ಹೋಗಿ ಗೇಟಿನ ಹೊರಗೆ ನಿಲ್ಲುತ್ತೆ. ಟಿಕೆಟ್ ಇಲ್ದೆ ಪಾರ್ಕ್ ನೋಡಿದಂಗೂ ಆಯ್ತು, ಕೂತ್ಕೊಂಡೇ ನೋಡಿದಂಗೂ ಆಯ್ತು.

ಬೋರ್ಡ್‌ವಾಕ್, ಯಾಟ್ ಕ್ಲಬ್, ಬೀಚ್ ಕ್ಲಬ್ ಅಂತ ಎಪ್ಕಾಟ್ ಹಿಂದುಗಡೆ ಒಂದು ಕೆರೆ ಸುತ್ತ ಇರೋವು ಈಜೋ ಮಕ್ಕಳಿದ್ರೆ ಮೊದ್ಲು ನೋಡ್ಬೇಕಾದ್ದು. ಯಾಟ್ ಮತ್ತೆ ಬೀಚ್ ಕ್ಲಬ್ಬಿಗೆ ಸೇರಿ ಮೂರು ಎಕರೆ ಈಜುಕೊಳ ಇದೆ, ಕೆಳಗೆ ಮರಳು ಹಾಕಿದಾರೆ, ಹಡಗಿನ ಥರ ಕಟ್ಟಿರೋ ಕಡೆಯಿಂದ ಜಾರುಬಂಡೆ ಬರುತ್ತೆ. ಆ ಹೋಟೆಲುಗಳಲ್ಲಿ ಇರೋರಿಗೆ ಮಾತ್ರ ಬಿಡೋದು, ಕೈಗೆ ಬ್ಯಾಂಡ್ ಹಾಕಿ ಚೆಕ್ ಮಾಡ್ತಾರೆ, ಹಂಗಾಗಿ ಅದು ಬೇಕಂದ್ರೆ ಅಲ್ಲೇ ಉಳ್ಕೋಬೇಕು. ಹಿರಿಯರಿಗೆ ಸಂಜೆ ಕೆರೆ ಸುತ್ತ ಸಮತಟ್ಟಾದ ದಾರೀಲಿ ಸುಮಾರು ಮುಕ್ಕಾಲು ಮೈಲಿ ವಾಕಿಂಗು, ಸುಸ್ತಾದ್ರೆ ಬೆಂಚು, ಇನ್ನೂ ಸುಸ್ತಾದ್ರೆ ಬೋಟು. ವಾಕಿಂಗ್ ಅಭ್ಯಾಸ ಇರೋ, ಜನ ನೋಡೋಕೆ ಇಷ್ಟ ಪಡೋ ಅಜ್ಜ ಅಜ್ಜಿಗೆ ಇದು ಚೆನ್ನಾಗಿ ಒಗ್ಗುತ್ತೆ. ಪಕ್ಕದಲ್ಲೇ ಸ್ವಾನ್, ಡಾಲ್ಫಿನ್ ಅಂತ ಎರಡು ಹೋಟೆಲಿವೆ, ರೇಟ್ ಕಮ್ಮಿ ತೋರಿಸುತ್ತೆ, ಆದ್ರೆ ಅವು ಡಿಸ್ನಿ ನಡೆಸೋವಲ್ಲ, ಮೇಲೆ ದಿನಕ್ಕೆ ರೆಸಾರ್ಟ್ ಫೀ ಮತ್ತೆ ಪಾರ್ಕಿಂಗ್ ಸೇರುತ್ತೆ, ಒಟ್ಟು ಎಷ್ಟಾಗುತ್ತೆ ಅಂತ ಕೂಡಿಸಿ ನೋಡಿ. ಡಿಸ್ನಿಯ ಸ್ವಂತ ಹೋಟೆಲಲ್ಲಿ ರೆಸಾರ್ಟ್ ಫೀ ಇಲ್ಲ, ರಾತ್ರಿ ಪಾರ್ಕಿಂಗಿಗೂ 2023ರಿಂದ ದುಡ್ಡಿಲ್ಲ, ತೋರಿಸೋ ರೇಟಿನ ಮೇಲೆ ಹೆಚ್ಚಿನ ಕಡೆ 12.5 ಪರ್ಸೆಂಟ್ ಇರೋ ಟ್ಯಾಕ್ಸ್ ಒಂದು ಸೇರಿಸ್ಕೊಂಡ್ರೆ ಮುಗೀತು.

ನಮ್ಮ ಮೂರನೇ ಟ್ರಿಪ್ಪಿಗೆ ನಾನು ಓಲ್ಡ್ ಕೀ ವೆಸ್ಟ್ ಆರಿಸಿದೆ, ಕಾರಣ ಅಡುಗೆಮನೆ. ಅಪ್ಪಂಗೆ ಶುಗರ್ ಇದೆ, ಹೊತ್ತು ಹೊತ್ತಿಗೆ ಊಟ ಆಗ್ಲೇಬೇಕು, ಆರು ಜನ ಮೂರು ಹೊತ್ತೂ ಹೊರಗೆ ತಿಂದ್ರೆ ಹೊಟ್ಟೆಗೂ ಆಗಲ್ಲ ಜೇಬಿಗೂ ಆಗಲ್ಲ. ಇದು ದುಡ್ಡು ಕಟ್ಟಿ ಮೆಂಬರ್ ಆಗೋ ಡಿಸ್ನಿ ವೆಕೇಶನ್ ಕ್ಲಬ್ಬಿನ ಮೊದಲ್ನೇ ರೆಸಾರ್ಟು, 1991ರಲ್ಲಿ ಶುರುವಾಗಿದ್ದು, ರೂಮುಗಳು ವಿಶಾಲವಾಗಿವೆ, ಒಂದು ಬೆಡ್‌ರೂಮ್ ವಿಲ್ಲಾ ತಗೊಂಡ್ರೆ ಪೂರ್ತಿ ಒಲೆ, ಫ್ರಿಜ್ಜು, ಪಾತ್ರೆ ತೊಳೆಯೋ ಮಷೀನು, ಬಟ್ಟೆ ಒಗೆಯೋ ಮಷೀನು ಎಲ್ಲ ಇರುತ್ತೆ. ಸ್ಟುಡಿಯೋ ಅಂತ ಇರೋದನ್ನ ತಗೊಂಡ್ರೆ ಮೈಕ್ರೋವೇವು ಚಿಕ್ಕ ಫ್ರಿಜ್ಜು ಅಷ್ಟೇ, ಒಲೆ ಇರಲ್ಲ, ಇದರಲ್ಲಿ ಸುಮಾರು ಜನ ಮೋಸ ಹೋಗ್ತಾರೆ. ನಾವು ಮನೆಯಿಂದ ಸಾರಿನ ಪುಡಿ, ಅಕ್ಕಿ, ತೊಗರಿಬೇಳೆ, ಒಂದು ಡಬ್ಬ ಚಟ್ನಿಪುಡಿ ತಗೊಂಡು ಹೋಗಿದ್ವಿ, ರಾತ್ರಿ ಬಿಸಿ ಅನ್ನ ಸಾರು ಹಪ್ಪಳ. ಒಗ್ಗರಣೆ ಹಾಕೋವಾಗ ಮಾತ್ರ ಎಕ್ಸಾಸ್ಟ್ ಫ್ಯಾನ್ ಹಾಕಿ ಬಾಗಿಲು ತೆಗೆದಿಡಿ, ಒಣಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರ್ಮ್ ಹೊಡ್ಕೊಂಡ್ರೆ ಮಲಗಿರೋ ಮಗು ಎದ್ದು ಅಳೋಕೆ ಶುರು ಮಾಡುತ್ತೆ, ನಮಗೆ ಆಗಿದೆ.

ವಿಲ್ಲಾ ಸೀದಾ ಬುಕ್ ಮಾಡಿದ್ರೆ ದುಬಾರಿ. ಕ್ಲಬ್ಬಿನ ಮೆಂಬರುಗಳು ರೂಮ್ ಬುಕ್ ಮಾಡೋಕೆ ತಮಗೆ ವರ್ಷವರ್ಷ ಸಿಗೋ ಪಾಯಿಂಟ್ಸ್ ಬಾಡಿಗೆಗೆ ಕೊಡ್ತಾರೆ, ಪರಿಚಯದೋರು ಯಾರಾದ್ರೂ ಮೆಂಬರ್ ಇದ್ರೆ ಮೊದ್ಲು ಅವ್ರನ್ನೇ ಕೇಳಿ, ತುಂಬಾನೇ ಕಮ್ಮಿ ಬೀಳುತ್ತೆ. ಆದ್ರೆ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋದು ಕಷ್ಟ, ಊರಿಂದ ಬರೋರ ವೀಸಾ ಟಿಕೆಟ್ ಎಲ್ಲ ಪಕ್ಕಾ ಆದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಕಿಡಾನಿ ವಿಲೇಜಲ್ಲೂ ಇಂಥ ಅಡುಗೆಮನೆ ಇರೋ ವಿಲ್ಲಾ ಇವೆ, ಅಲ್ಲಿ ಒಂದು ಬೆಡ್‌ರೂಮಿನದ್ದಕ್ಕೂ ಎರಡು ಬಾತ್ರೂಮು, ಜಿರಾಫೆನೂ ಬೇಕು ಸಾರೂ ಬೇಕು ಅನ್ನೋರಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಓಲ್ಡ್ ಕೀ ವೆಸ್ಟಿಂದ ಡಿಸ್ನಿ ಸ್ಪ್ರಿಂಗ್ಸಿಗೆ ಬೋಟ್ ಹೋಗುತ್ತೆ, ನಿಧಾನಕ್ಕೆ, ಎರಡೂ ಕಡೆ ಮರ, ನೀರಲ್ಲಿ ಆಮೆ ತಲೆ ಎತ್ತುತ್ತೆ. ಪೋರ್ಟ್ ಒರ್ಲೀನ್ಸಿನ ಎರಡು ರೆಸಾರ್ಟುಗಳಿಂದಲೂ ಅದೇ ಥರ ಬೋಟು ಇದೆ, ಅವು ಮಧ್ಯಮ ದರ್ಜೆ, ರೇಟು ಮೇಲೆ ಹೇಳಿದ ಡೀಲಕ್ಸ್ ಹೋಟೆಲುಗಳಿಗಿಂತ ಎಷ್ಟೋ ಕಮ್ಮಿ. ಅವೆರಡರಲ್ಲಿ ರಿವರ್‌ಸೈಡ್ ಬೇಡ, ಎರಡು ಸಾವಿರಕ್ಕೂ ಜಾಸ್ತಿ ರೂಮು, ರೂಮಿಂದ ಊಟದ ಹಾಲಿಗೆ ಹೋಗೋದೇ ಹಿರಿಯರಿಗೆ ಶಿಕ್ಷೆ. ಫ್ರೆಂಚ್ ಕ್ವಾರ್ಟರ್ ಅದರ ಅರ್ಧ, ಎಲ್ಲ ಹತ್ತಿರ ಹತ್ತಿರ, ಬಿಸಿ ಬಿಸಿ ಬೆನ್ಯೇ ಅಂತ ಸಕ್ಕರೆ ಉದುರಿಸಿದ ಉಬ್ಬಿದ ಪೂರಿ ಥರದ್ದು ಸಿಗುತ್ತೆ, ಮಕ್ಕಳಿಗೆ ಪ್ರಾಣ. ಗುಡುಗು ಮಿಂಚು ಬಂದ್ರೆ ಬೋಟು, ಸ್ಕೈಲೈನರು, ಈಜುಕೊಳ ಮೂರೂ ನಿಲ್ಲಿಸ್ತಾರೆ, ಜೂನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಇದು ಹೆಚ್ಚುಕಮ್ಮಿ ದಿನಾ ಆಗುತ್ತೆ, ಹಂಗಾಗಿ ಆ ತಿಂಗಳಲ್ಲಿ ಹೋಗ್ಲೇಬೇಕಾದ್ರೆ ಹೊರಗಿಂದೆಲ್ಲ ಬೆಳಿಗ್ಗೆ ಮುಗಿಸಿ. ಫೆಬ್ರವರಿ, ನವೆಂಬರ್ ನನಗೆ ಇಷ್ಟ, ನಮ್ಮ ಬೆಂಗಳೂರಿನ ಡಿಸೆಂಬರ್ ಥರ ಇರುತ್ತೆ, ಈಜುಕೊಳದ ನೀರು ಬಿಸಿ ಮಾಡಿರ್ತಾರೆ.

ಫೋರ್ಟ್ ವೈಲ್ಡರ್ನೆಸ್ ಅಂತ ಕಾಡಿನ ಮಧ್ಯ ಕ್ಯಾಂಪಿಂಗ್ ಜಾಗ ಇದೆ, ಟೆಂಟಲ್ಲಿ ಇರೋ ಅಭ್ಯಾಸ ಇರೋರಿಗೆ ಡಿಸ್ನಿ ಒಳಗೆ ಅದಕ್ಕಿಂತ ಅಗ್ಗ ಸಿಗಲ್ಲ, ಕ್ಯಾಬಿನ್ನೂ ಇವೆ. ಅಲ್ಲಿ ಉಳ್ಕೊಳ್ಳದೇ ಇದ್ರೂ ಒಂದು ಸಂಜೆ ಹೋಗಿ. ಕುದುರೆ ಲಾಯ ಇದೆ, ರಾತ್ರಿ ಬೆಂಕಿ ಹಾಕಿ ಸುತ್ತ ಕೂರಿಸಿ ಹಾಡ್ತಾರೆ, ಚಿಪ್ ಮತ್ತೆ ಡೇಲ್ ಅಳಿಲುಗಳ ವೇಷದೋರು ಬಂದು ಮಕ್ಕಳ ಜೊತೆ ಕುಣೀತಾರೆ, ಅದಕ್ಕೆ ದುಡ್ಡಿಲ್ಲ.

ಬಜೆಟ್ ತೀರಾ ಬಿಗಿ ಇದ್ರೆ ಪಾಪ್ ಸೆಂಚುರಿ. ರೂಮು ಚಿಕ್ಕದು, ಬಾಲ್ಕನಿ ಇಲ್ಲ, ಕೂರೋಕೆ ಅಂತ ಜಾಗ ಕಮ್ಮಿ, ನನ್ನ ಅಳತೆಗೆ ಇದು ಕೆಳಗೇ ಇರ್ಬೇಕಿತ್ತು, ಆದ್ರೆ ಬಾಗಿಲಲ್ಲೇ ಸ್ಕೈಲೈನರ್ ಇರೋದ್ರಿಂದ ಮೇಲೆ ಬರುತ್ತೆ. ನಾನೂ ನಮ್ಮನೆಯೋರೂ ಎರಡು ವರ್ಷದ ಮಗೂನ ಕರ್ಕೊಂಡು ಹೋದ ಎರಡನೇ ಟ್ರಿಪ್ಪಲ್ಲಿ ಇಲ್ಲೇ ಇದ್ವಿ. ಮಗುಗೆ ರೈಡು ಗೀಡು ಏನೂ ಗೊತ್ತಿಲ್ಲ, ಆ ಬಣ್ಣಬಣ್ಣದ ತೊಟ್ಟಿಲು ಒಂದರ ಹಿಂದೆ ಒಂದು ಗಾಳೀಲಿ ತೇಲ್ಕೊಂಡು ಬರೋದೇ ಅದಕ್ಕೆ ಜಾತ್ರೆ, ದಿನಕ್ಕೆ ಮೂರು ಸಲ ಹತ್ತಿದೀವಿ. ಒಂದ್ಸಲ ಮಧ್ಯ ನೀರಿನ ಮೇಲೆ ಹತ್ತು ನಿಮಿಷ ನಿಂತೋಯ್ತು, ಒಳಗೆ ಎಸಿ ಇಲ್ಲ, ಅದಕ್ಕೆ ನೀರಿನ ಬಾಟ್ಲಿ ಇಲ್ದೆ ಹತ್ಬೇಡಿ, ಎತ್ತರ ಅಂದ್ರೆ ಭಯ ಇರೋ ಹಿರಿಯರಿಗೆ ಮೊದ್ಲೇ ಹೇಳಿಬಿಡಿ.

ಡಿಸ್ನಿ ಹೊರಗೆ, ಪಕ್ಕದ ಕಿಸಿಮಿ ಅನ್ನೋ ಊರಿನ ಕಡೆ ಈಜುಕೊಳ ಇರೋ ಇಡೀ ಮನೆ ಬಾಡಿಗೆಗೆ ಸಿಗುತ್ತೆ, ಅಷ್ಟೇ ದುಡ್ಡಿಗೆ ನಾಲ್ಕು ಬೆಡ್‌ರೂಮು. ಎರಡು ಮೂರು ಸಂಸಾರ ಸೇರಿ ಹೋಗೋದಾದ್ರೆ ಅದೇ ಸರಿ, ಆದ್ರೆ ಬಾಗಿಲು ತೆಗೆದ್ರೆ ಡಿಸ್ನಿ ಇರಲ್ಲ, ಎಲ್ಲಿಗೆ ಹೋಗ್ಬೇಕಂದ್ರೂ ಎಲ್ರನ್ನೂ ಕಾರಿಗೆ ತುಂಬ್ಕೋಬೇಕು. ಆರಾಮಾಗಿ ಒಬ್ಬೊಬ್ರು ಒಂದೊಂದು ಕಡೆ ಹೋಗಿ ಬರೋ ಸುಖ ಹೋಗುತ್ತೆ.

ಈಗ ಮಕ್ಕಳ ವಿಷಯ, ಇದನ್ನ ಮುಚ್ಚಿಡಬಾರದು. ಐದಾರು ವರ್ಷದಿಂದ ಮೇಲೆ ಇರೋ ಮಕ್ಕಳಿಗೆ ಪಾರ್ಕ್ ಇದೆ ಅಂತ ಗೊತ್ತಿರುತ್ತೆ, ಸ್ಕೂಲಲ್ಲಿ ಬೇರೆ ಮಕ್ಕಳು ಹೇಳಿರ್ತಾರೆ. ಕೋಟೆ ದೂರದಿಂದ ತೋರಿಸಿ ಒಳಗೆ ಕರ್ಕೊಂಡು ಹೋಗ್ದಿದ್ರೆ ಆ ಮಗು ಮನಸ್ಸಲ್ಲಿ ಏನಾಗುತ್ತೆ ಅಂತ ಯೋಚನೆ ಮಾಡಿ. ಹೊರಡೋಕೆ ಮುಂಚೆನೇ ಕೂರಿಸ್ಕೊಂಡು ಹೇಳಿ, ಈ ಸಲ ಅಜ್ಜಿ ತಾತನ ಜೊತೆ ಹೋಟೆಲ್ ರಜ, ಪಾರ್ಕ್ ಇನ್ನೊಂದ್ಸಲ ಅಂತ. ಅಷ್ಟಕ್ಕೂ ಒಪ್ಪದಿದ್ರೆ ಒಂದೇ ಒಂದು ದಿನ ಅಪ್ಪನೋ ಅಮ್ಮನೋ ಒಬ್ರು ಮಕ್ಕಳನ್ನ ಪಾರ್ಕಿಗೆ ಕರ್ಕೊಂಡು ಹೋಗಿ, ಇನ್ನೊಬ್ರು ಹಿರಿಯರ ಜೊತೆ ಇರಿ. ಬರೀ ಮಿಕ್ಕಿ ನೋಡ್ಬೇಕು ಅನ್ನೋ ಚಿಕ್ಕ ಮಕ್ಕಳಿಗೆ ಟಿಕೆಟ್ ಬೇಕಾಗಿಲ್ಲ, ಕಂಟೆಂಪರರಿಯ ಶೆಫ್ ಮಿಕ್ಕೀಸ್, ರಿವಿಯೆರಾ ರೆಸಾರ್ಟಿನ ಟೊಪೊಲಿನೋಸ್ ಇಂಥ ಕಡೆ ತಿಂಡಿ ತಿನ್ನೋವಾಗ ಅವರೇ ಟೇಬಲ್ ಹತ್ರ ಬಂದು ಮಾತಾಡಿಸಿ ಫೋಟೋ ತೆಗೆಸ್ಕೊಳ್ತಾರೆ. ದುಬಾರಿ ಹೌದು, ಆದ್ರೆ ಕ್ಯೂ ಇಲ್ಲ. ಅರವತ್ತು ದಿನ ಮುಂಚೆ ಬುಕಿಂಗ್ ತೆಗೆಯುತ್ತೆ, ಅವತ್ತು ಬೆಳಿಗ್ಗೆನೇ ಮಾಡಿ.

ಓಡಾಟದ ಬಗ್ಗೆ ಒಂದು ಮಾತು, ಕಾರ್ ಇಲ್ದೆ ವಿಮಾನದಲ್ಲಿ ಬರೋರಿಗೆ ಇದು ಮುಖ್ಯ. ಒಂದು ರೆಸಾರ್ಟಿಂದ ಇನ್ನೊಂದು ರೆಸಾರ್ಟಿಗೆ ಸೀದಾ ಬಸ್ ಇರಲ್ಲ. ಡಿಸ್ನಿ ಸ್ಪ್ರಿಂಗ್ಸಿಗೋ ಯಾವುದಾದ್ರೂ ಪಾರ್ಕಿನ ಗೇಟಿಗೋ ಹೋಗಿ ಅಲ್ಲಿ ಬಸ್ ಬದಲಾಯಿಸ್ಬೇಕು, ಒಂದು ಗಂಟೆ ಮೇಲೆನೇ ಹಿಡಿಯುತ್ತೆ. ನಿಮ್ಮ ಪ್ಲಾನಲ್ಲಿ ಬೇರೆ ಹೋಟೆಲ್ ಸುತ್ತೋದು ಜಾಸ್ತಿ ಇದ್ರೆ ಟ್ಯಾಕ್ಸಿಗೆ ಅಂತ ಸ್ವಲ್ಪ ದುಡ್ಡು ಎತ್ತಿಡಿ. ಸ್ವಂತ ಕಾರಲ್ಲಿ ಬೇರೆ ಹೋಟೆಲಿಗೆ ಹೋದ್ರೆ ಗೇಟಲ್ಲಿ ಯಾಕೆ ಬಂದ್ರಿ ಅಂತ ಕೇಳ್ತಾರೆ, ಊಟದ ಬುಕಿಂಗ್ ಇದ್ರೆ ತೊಂದ್ರೆ ಇಲ್ಲ, ಕ್ರಿಸ್‌ಮಸ್ ಸಮಯದಲ್ಲಿ ಬುಕಿಂಗ್ ಇಲ್ದೆ ಹೋದ್ರೆ ವಾಪಸ್ ಕಳಿಸ್ತಾರೆ. ಮೋನೋರೈಲಿಗೂ ಬಸ್ಸಿಗೂ ವೀಲ್‌ಚೇರ್ ಸಲೀಸಾಗಿ ಹತ್ತುತ್ತೆ, ಡ್ರೈವರುಗಳು ಅವಸರ ಮಾಡಲ್ಲ, ಅಪ್ಪ ಅಮ್ಮಂಗೆ ವೀಲ್‌ಚೇರ್ ತಗೊಳ್ಳೋಕೆ ಸಂಕೋಚ ಇದ್ರೆ ಅಲ್ಲಿ ಎಷ್ಟು ಜನ ಅದರಲ್ಲಿ ಓಡಾಡ್ತಿರ್ತಾರೆ ಅಂತ ನೋಡಿದ ಮೇಲೆ ತಾನಾಗೇ ಹೋಗುತ್ತೆ.

ಫ್ರೆಂಡಿಗೆ ನಾನು ಹೇಳಿದ್ದು ಇಷ್ಟು. ಮಾವಂಗೆ ನಡಿಯೋಕಾಗಲ್ಲ, ಅವ್ರು ಊರಲ್ಲಿ ತೋಟ ನೋಡ್ಕೊಂಡಿದ್ದೋರು, ಹಂಗಾಗಿ ಕಿಡಾನಿಯಲ್ಲಿ ಅಡುಗೆಮನೆ ಇರೋ ಸವಾನಾ ವ್ಯೂ ವಿಲ್ಲಾ ಮೂರು ರಾತ್ರಿ, ಫೆಬ್ರವರಿಲಿ, ಒಂದು ಸಂಜೆ ಮಾತ್ರ ಮೋನೋರೈಲು ಮತ್ತೆ ಪಾಲಿನೇಷಿಯನ್ ದಡ. ಪಾಯಿಂಟ್ಸ್ ಬಾಡಿಗೆಗೆ ಕೊಡೋರು ಅವಳ ಆಫೀಸಲ್ಲೇ ಒಬ್ರು ಸಿಕ್ಕಿದಾರೆ. ನಿನ್ನೆ ಮತ್ತೆ ಫೋನ್ ಮಾಡಿದ್ಲು, ಬಾಲ್ಕನೀಲಿ ಕುರ್ಚಿ ಎಷ್ಟಿರುತ್ತೆ ಅಂತ ಕೇಳೋಕೆ. ಎರಡು ಇರುತ್ತೆ, ಒಳಗಿಂದ ಇನ್ನೊಂದು ಎಳ್ಕೊಳ್ಳಿ, ಬೆಳಗಿನ ಜಾವ ಚಳಿ ಇರುತ್ತೆ ಮಾವನೋರ ಸ್ವೆಟರ್ ಮರೀಬೇಡ ಅಂದೆ.